ಸಾಕ್ಷಿಗೆ ನಿಂತ ಹುಡುಗ

ಕಳೆದ ತಿಂಗಳು ನಮ್ಮ ವಿಭಾಗದ ಸೆಮಿನಾರ್ ಹಾಲಿನಲ್ಲಿ ಎಂ.ಎ. ವಿದ್ಯಾರ್ಥಿಗಳ ಜೊತೆ ಕೂತು ಫ್ರಾನ್ಸುವಾ ತ್ರುಫೋನ ‘ದ ಫೋರ್ ಹಂಡ್ರೆಡ್ ಬ್ಲೋಸ್’ ನೋಡಿದೆ. ನನಗದು ನಾಲ್ಕನೆಯದೋ ಐದನೆಯದೋ ಸಲ. ಸಿನೆಮಾ ಮುಗಿದ ಮೇಲೆ ಎಂದಿನಂತೆ ಮಾತೆಲ್ಲ ಅದರ ಕೊನೆಯ ಫ್ರೇಮಿನ ಸುತ್ತಲೇ ನಡೆಯಿತು. ಬಾಲಾಪರಾಧಿಗಳ ಕೇಂದ್ರದಿಂದ ತಪ್ಪಿಸಿಕೊಂಡು ಓಡಿಬಂದ ಆಂತ್ವಾನ್ ಸಮುದ್ರದ ಅಂಚಿನಲ್ಲಿ ಕಾಲು ತೋಯಿಸಿಕೊಂಡು ಹಿಂತಿರುಗಿ ನಮ್ಮತ್ತ ನೋಡುತ್ತಾನೆ, ಚಿತ್ರ ಅಲ್ಲೇ ಸ್ತಬ್ಧವಾಗುತ್ತದೆ. ಅದು ಬಿಡುಗಡೆಯೋ ದಿಗ್ಭ್ರಮೆಯೋ ಎಂದು ಎರಡು ಪಂಗಡಗಳಾದವು. ನಾನೂ ಫ್ರೆಂಚ್ ಹೊಸ ಅಲೆ, ಫ್ರೀಜ್ ಫ್ರೇಮ್ ಎಂದೆಲ್ಲ ನನಗೆ ಗೊತ್ತಿದ್ದಷ್ಟು ಹೇಳಿದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಕೇಳಿದ: “ಸರ್, ಸೈಕಲ್ ಮೇಲೆ ಬಂದಿದ್ನಲ್ಲ, ಆ ಹುಡುಗ ಆಮೇಲೆ ಏನಾದ?”

ಯಾರೋ ನಕ್ಕರು. ನನಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಆ ಹುಡುಗನ ಹೆಸರು ರೆನೆ. ಆಂತ್ವಾನನ ಗೆಳೆಯ. ಸಿನೆಮಾದ ಅರ್ಧಕ್ಕೂ ಹೆಚ್ಚು ಭಾಗದಲ್ಲಿ ಅವನ ಪಕ್ಕದಲ್ಲೇ ಇರುವವನು. ಈ ಚಿತ್ರದ ಬಗ್ಗೆ ನಾನು ಓದಿದ ಬರಹಗಳಲ್ಲಿ ಹೆಚ್ಚಿನವು ಇದನ್ನು ಒಂಟಿ ಹುಡುಗನೊಬ್ಬನ ಕಥೆಯೆಂದೇ ಓದುತ್ತವೆ, ನಾನೂ ಹಾಗೇ ಓದಿದ್ದೆ. ಆ ಪ್ರಶ್ನೆಯ ನಂತರ ಮತ್ತೊಮ್ಮೆ ಒಬ್ಬನೇ ಕೂತು ನೋಡಿದಾಗ, ಕಣ್ಣೆದುರೇ ಇದ್ದದ್ದನ್ನು ನೋಡದೆ ಹೋಗಿದ್ದೆ ಅನ್ನಿಸಿತು. ಆಂತ್ವಾನನ ಒಂಟಿತನದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಚಿತ್ರದಲ್ಲಿದೆ: ಅವನ ಪರವಾಗಿ ಸಾಕ್ಷಿ ಹೇಳಬಲ್ಲವನು ಒಬ್ಬನಿದ್ದ, ಆ ಸಾಕ್ಷಿಯನ್ನು ಯಾರೂ ಒಪ್ಪಿಕೊಳ್ಳಲಿಲ್ಲ.

ಚಿತ್ರದ ಫ್ರೆಂಚ್ ಹೆಸರು ‘ಲೆ ಕಾತ್ರ್ ಸಾಂ ಕೂ’. ಪದಶಃ ನಾನೂರು ಏಟುಗಳು. ಆದರೆ ಫ್ರೆಂಚರಿಗೆ ಅದೊಂದು ನುಡಿಗಟ್ಟು: ಮಾಡಬಾರದ ಪುಂಡಾಟವನ್ನೆಲ್ಲ ಮಾಡಿ ಮೆರೆಯುವುದು ಎಂದು ಅರ್ಥ. ಇಂಗ್ಲಿಷಿನವರು ಪದಕ್ಕೆ ಪದ ಇಟ್ಟು, ಹುಡುಗನ ಕಿತಾಪತಿಯನ್ನು ಹುಡುಗ ತಿಂದ ಏಟು ಮಾಡಿಬಿಟ್ಟರು. ತಪ್ಪು ಅನುವಾದ. ಆದರೂ ಚಿತ್ರ ನೋಡಿದ ಮೇಲೆ ಎರಡೂ ಅರ್ಥ ಸರಿಯೇ ಅನ್ನಿಸುತ್ತದೆ. 1959ರ ಕಾನ್ ಚಿತ್ರೋತ್ಸವದಲ್ಲಿ ಇದಕ್ಕಾಗಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಪಡೆದಾಗ ತ್ರುಫೋಗೆ 27 ವರ್ಷ. ಇದು ಅವನ ಮೊದಲ ಪೂರ್ಣ ಪ್ರಮಾಣದ ಚಿತ್ರ. ‘ಕಾಯೇ ದ್ಯು ಸಿನೆಮಾ’ ಪತ್ರಿಕೆಯಲ್ಲಿ ಫ್ರೆಂಚ್ ಚಿತ್ರರಂಗದ ಹಿರಿಯರನ್ನೆಲ್ಲ ಎದುರು ಹಾಕಿಕೊಂಡು ಬರೆಯುತ್ತಿದ್ದ ಈ ವಿಮರ್ಶಕನಿಗೆ ಹಿಂದಿನ ವರ್ಷ ಅದೇ ಉತ್ಸವ ಪ್ರವೇಶ ನಿರಾಕರಿಸಿತ್ತು.

ಕಥೆ ಸರಳ. ಪ್ಯಾರಿಸ್ಸಿನ ಇಕ್ಕಟ್ಟಾದ ಮನೆಯೊಂದರಲ್ಲಿ ತಾಯಿ ಮತ್ತು ಮಲತಂದೆಯ ಜೊತೆ ಇರುವ ಆಂತ್ವಾನ್ ದ್ವಾನೆಲ್‌ಗೆ ಹದಿಮೂರರ ಆಸುಪಾಸು. ತರಗತಿಯಲ್ಲಿ ಹುಡುಗಿಯ ಚಿತ್ರವೊಂದು ಕೈಯಿಂದ ಕೈಗೆ ದಾಟುತ್ತಿರುತ್ತದೆ. ಅದು ಇವನ ಕೈಗೆ ಬಂದಾಗ ಮೇಷ್ಟ್ರು ಹಿಡಿಯುತ್ತಾರೆ. ಶಿಕ್ಷೆಗೆಂದು ಕೊಟ್ಟ ಬರಹ ಮನೆಯಲ್ಲಿ ಮುಗಿಯುವುದಿಲ್ಲ. ಅದಿಲ್ಲದೆ ಹೋದರೆ ಒಳಗೆ ಬಿಡುವುದಿಲ್ಲವೆಂದು ಮರುದಿನ ಬೀದಿಯಲ್ಲೇ ಅವನನ್ನು ತಡೆದು ನಿಲ್ಲಿಸುವವನು ರೆನೆ. ಇಬ್ಬರೂ ಶಾಲೆಗೆ ಚಕ್ಕರ್ ಹೊಡೆದು ಸಿನೆಮಾಗೆ ಹೋಗುತ್ತಾರೆ, ಪಿನ್‌ಬಾಲ್ ಆಡುತ್ತಾರೆ, ಜಾತ್ರೆಯ ತಿರುಗುವ ಪೀಪಾಯಿ ಹತ್ತುತ್ತಾರೆ. ಅದೇ ದಿನ ನಡುಬೀದಿಯಲ್ಲಿ ತನ್ನ ತಾಯಿ ಬೇರೆ ಗಂಡಸನ್ನು ಮುದ್ದಿಸುತ್ತಿರುವುದು ಆಂತ್ವಾನನ ಕಣ್ಣಿಗೆ ಬೀಳುತ್ತದೆ. ಅವಳೂ ಇವನನ್ನು ನೋಡುತ್ತಾಳೆ. ಮರುದಿನ ಯಾಕೆ ಬಂದಿರಲಿಲ್ಲವೆಂದು ಮೇಷ್ಟ್ರು ಗದರಿದಾಗ ಅವನ ಬಾಯಿಂದ ಬರುವ ಸುಳ್ಳು, ಅಮ್ಮ ಸತ್ತುಹೋದಳು ಎಂಬುದು.

ಸುಳ್ಳು ಕೆಲವೇ ಗಂಟೆಗಳಲ್ಲಿ ಸಿಕ್ಕಿಬೀಳುತ್ತದೆ, ಮಲತಂದೆ ಇಡೀ ತರಗತಿಯ ಎದುರು ಕೆನ್ನೆಗೆ ಬಾರಿಸುತ್ತಾನೆ. ಅಂದು ರಾತ್ರಿ ಮನೆಗೆ ಹೋಗಲಾರದ ಆಂತ್ವಾನನಿಗೆ ಹಳೆಯ ಮುದ್ರಣಾಲಯವೊಂದರಲ್ಲಿ ಮಲಗುವ ಜಾಗ ತೋರಿಸುವವನೂ ರೆನೆಯೇ. ಗಮನಿಸಬೇಕಾದ್ದು, ಈ ಹುಡುಗ ಬುದ್ಧಿ ಹೇಳುವುದಿಲ್ಲ, ‘ಅಂಥ ಸುಳ್ಳು ಯಾಕೆ ಹೇಳಿದೆ’ ಎಂದು ಕೆದಕುವುದಿಲ್ಲ. ಈಗ ಏನು ಬೇಕೋ ಅದನ್ನು ಒದಗಿಸುತ್ತಾನೆ. ಹದಿಮೂರರ ಗೆಳೆತನದ ಭಾಷೆ ಇದೇ ಇರಬೇಕು. ದೊಡ್ಡವರು ಕಾರಣ ಕೇಳುವ ಕಡೆ ಗೆಳೆಯ ಜಾಗ ಹುಡುಕಿಕೊಡುತ್ತಾನೆ.

ನಾನು ಚಿತ್ರದ ನಡುಗಂಬವೆಂದು ಭಾವಿಸುವ ದೃಶ್ಯ ಬರುವುದು ಇದಾದ ಮೇಲೆ. ಮನೆಯಲ್ಲಿ ಸ್ವಲ್ಪ ನೆಮ್ಮದಿ ಕಂಡ ದಿನಗಳಲ್ಲಿ ಆಂತ್ವಾನ್ ಬಾಲ್ಜಾಕ್‌ನ ಕಾದಂಬರಿಯೊಂದನ್ನು ಓದಿ ಮೈಮರೆಯುತ್ತಾನೆ. ಗೂಡೊಂದರಲ್ಲಿ ಬಾಲ್ಜಾಕ್‌ನ ಚಿತ್ರವಿಟ್ಟು ಮೊಂಬತ್ತಿ ಹಚ್ಚುತ್ತಾನೆ, ಅದಕ್ಕೆ ಬೆಂಕಿ ಹತ್ತಿ ಇನ್ನೊಂದು ರಗಳೆಯಾಗುತ್ತದೆ. ಶಾಲೆಯ ಪ್ರಬಂಧದಲ್ಲಿ ಅಜ್ಜನ ಸಾವನ್ನು ಬರೆಯುವಾಗ ಆ ಕಾದಂಬರಿಯ ಕೊನೆ ನೆನಪಿನಿಂದ ಹಾಳೆಗಿಳಿಯುತ್ತದೆ. ಮೇಷ್ಟ್ರು ಅದನ್ನು ಕೃತಿಚೌರ್ಯ ಎನ್ನುತ್ತಾರೆ, ಸೊನ್ನೆ ಕೊಟ್ಟು ಹೊರಗಟ್ಟುತ್ತಾರೆ. ಆಗ ಎದ್ದು ನಿಲ್ಲುವವನು ರೆನೆ. ಅವನು ನಕಲು ಮಾಡಿಲ್ಲ, ನಾನು ಪಕ್ಕದಲ್ಲೇ ಕೂತಿದ್ದೆ, ಮಾಡಿದ್ದರೆ ಕಾಣುತ್ತಿತ್ತು ಎಂದು ಹೇಳುತ್ತಾನೆ. ಫಲ: ಅವನೂ ಹೊರಗೆ.

ಇಲ್ಲಿ ಇಬ್ಬರೂ ಸರಿ ಎಂಬುದೇ ಈ ದೃಶ್ಯದ ಸೂಕ್ಷ್ಮ. ಹಾಳೆಯ ಮೇಲೆ ಬಾಲ್ಜಾಕ್ ಇದ್ದಾನೆ, ಆದ್ದರಿಂದ ಮೇಷ್ಟ್ರ ಕಣ್ಣು ಸುಳ್ಳಲ್ಲ. ಆದರೆ ಹುಡುಗನ ತೊಡೆಯ ಮೇಲೆ ಪುಸ್ತಕವಿರಲಿಲ್ಲ, ರೆನೆಯ ಕಣ್ಣೂ ಸುಳ್ಳಲ್ಲ. ಮನಸ್ಸಿಗೆ ಹೊಕ್ಕ ಪುಸ್ತಕವೊಂದು ತನ್ನದೇ ಆಗಿ ಹೊರಬರುವುದನ್ನು ಯಾವ ಹೆಸರಿನಿಂದ ಕರೆಯಬೇಕು? ನಮ್ಮಂಥವರ ಪ್ರಬಂಧಗಳನ್ನು ಇವತ್ತು ತಂತ್ರಾಂಶಕ್ಕೆ ಹಾಕಿ ಇಷ್ಟು ಪರ್ಸೆಂಟ್ ಎಂದು ವರದಿ ತೆಗೆಯುತ್ತಾರೆ. ಆ ವರದಿಯಲ್ಲಿ ಪಕ್ಕದಲ್ಲಿ ಕೂತವನ ಮಾತಿಗೆ ಜಾಗವಿಲ್ಲ. 1959ರ ಆ ತರಗತಿಯಲ್ಲೂ ಇರಲಿಲ್ಲ.

ಈ ದೃಶ್ಯ ನನ್ನನ್ನು ಕಾಡುವುದಕ್ಕೆ ಬೇರೆ ಕಾರಣವೂ ಇದೆ. ಒಂಬತ್ತನೇ ತರಗತಿಯ ಪರೀಕ್ಷೆಯೊಂದರಲ್ಲಿ ನನ್ನ ಬೆಂಚಿನ ಗೆಳೆಯನ ಕಾಲಬಳಿ ಚೀಟಿಯೊಂದು ಸಿಕ್ಕಿತು. ಅದು ಹಿಂದಿನ ಬೆಂಚಿನಿಂದ ಬಂದು ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅವನು ‘ನನ್ನದಲ್ಲ ಸಾರ್’ ಎಂದು ಎರಡು ಸಲ ಹೇಳಿ ನನ್ನ ಕಡೆ ನೋಡಿದ. ನಾನು ಉತ್ತರ ಪತ್ರಿಕೆಯ ಮೇಲೆ ಬಗ್ಗಿದೆ. ಮರುದಿನ ಅವನ ಅಪ್ಪ ಊರಿಂದ ಬಂದರು, ಆಫೀಸ್ ರೂಮಿನ ಮುಂದೆಯೇ ಹೊಡೆದರು. ಮುಂದಿನ ವರ್ಷ ಅವನು ಆ ಶಾಲೆಗೆ ಬರಲಿಲ್ಲ. ನಾನು ಹೇಳಿದ್ದರೂ ಯಾರೂ ನಂಬುತ್ತಿರಲಿಲ್ಲ ಎಂದು ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೇನೆ. ರೆನೆಯನ್ನು ನೋಡಿದ ಮೇಲೆ ಆ ಸಮಾಧಾನ ನಿಲ್ಲುವುದಿಲ್ಲ. ಅವನ ಮಾತನ್ನೂ ಯಾರೂ ನಂಬಲಿಲ್ಲ. ಆದರೆ ಆಂತ್ವಾನ್ ಆ ಮಾತನ್ನು ಕೇಳಿಸಿಕೊಂಡ.

ಶಾಲೆ ಬಿಟ್ಟ ಮೇಲೆ ಆಂತ್ವಾನ್ ಅಡಗಿಕೊಳ್ಳುವುದು ರೆನೆಯ ಮನೆಯಲ್ಲಿ. ತ್ರುಫೋ ಇಲ್ಲಿ ಎರಡು ಮನೆಗಳನ್ನು ಎದುರುಬದುರು ಇಡುತ್ತಾನೆ. ಆಂತ್ವಾನನದು ಬಾಗಿಲ ಬಳಿಯ ಮೂಲೆಯಲ್ಲಿ ಮಲಗುವಷ್ಟು ಸಣ್ಣ ಮನೆ. ರೆನೆಯದು ದೊಡ್ಡ ಕೋಣೆಗಳ ಹಳೆಯ ಸಿರಿವಂತರ ಮನೆ. ಕೋಣೆಯೊಂದರಲ್ಲಿ ದೊಡ್ಡದೊಂದು ಕುದುರೆಯ ಪ್ರತಿಮೆಯೇ ನಿಂತಿದೆ. ತಾಯಿ ಕುಡಿತದಲ್ಲಿ, ತಂದೆ ತನ್ನ ಗೀಳುಗಳಲ್ಲಿ. ಒಂದು ಮನೆಯಲ್ಲಿ ಜಾಗವಿಲ್ಲ, ಇನ್ನೊಂದರಲ್ಲಿ ಜನರಿಲ್ಲ. ಎರಡರಲ್ಲೂ ಹುಡುಗನನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಸಿಗಾರ್ ಸೇದುತ್ತ ಆಟಕ್ಕೆ ಕೂತ ಇಬ್ಬರೂ ದೊಡ್ಡವರ ವೇಷ ಹಾಕಿದ ಮಕ್ಕಳಂತೆ ಕಾಣುತ್ತಾರೆ.

ಈ ಭಾಗದ ಅತ್ಯಂತ ಸುಂದರ ದೃಶ್ಯ ಬೊಂಬೆಯಾಟದ್ದು. ಕೆಂಪು ಟೋಪಿಯ ಹುಡುಗಿ ಮತ್ತು ತೋಳದ ಕಥೆ ನಡೆಯುತ್ತಿದೆ, ಎದುರಿಗೆ ಪುಟ್ಟ ಮಕ್ಕಳ ದಂಡು. ತ್ರುಫೋ ತುಂಬ ಹೊತ್ತು ಆ ಮಕ್ಕಳ ಮುಖಗಳನ್ನೇ ತೋರಿಸುತ್ತಾನೆ. ಹೆದರುತ್ತಾರೆ, ಬೆರಳು ತೋರಿಸುತ್ತಾರೆ, ಬಾಯಿ ತೆರೆದುಕೊಂಡೇ ಕೂರುತ್ತಾರೆ. ಹಿಂದಿನ ಸಾಲಿನಲ್ಲಿ ನಮ್ಮ ಹುಡುಗರಿಬ್ಬರೂ ಮಲತಂದೆಯ ಆಫೀಸಿನಿಂದ ಟೈಪ್‌ರೈಟರ್ ಕದಿಯುವ ಲೆಕ್ಕಾಚಾರದಲ್ಲಿದ್ದಾರೆ. ತೋಳವನ್ನು ನಂಬುವ ವಯಸ್ಸನ್ನು ಇವರು ದಾಟಿಯಾಗಿದೆ. ಕದ್ದರೆ ಏನಾಗುತ್ತದೆಂದು ಪೂರ್ತಿ ತಿಳಿಯುವ ವಯಸ್ಸು ಇನ್ನೂ ಬಂದಿಲ್ಲ.

ಕದ್ದ ಟೈಪ್‌ರೈಟರ್ ಮಾರಾಟವಾಗುವುದಿಲ್ಲ. ಅದು ಭಾರ ಬೇರೆ. ಪ್ಯಾರಿಸ್ಸಿನ ಬೀದಿಗಳಲ್ಲಿ ಅದನ್ನು ಹೊತ್ತು ತಿರುಗುತ್ತ ಯಾರು ಹಿಡಿದುಕೊಳ್ಳಬೇಕೆಂದು ಜಗಳವಾಡುವ ಇವರನ್ನು ನೋಡಿದರೆ ನಗು ಬರುತ್ತದೆ. ವಾಪಸ್ಸಿಡಲು ಹೋದ ಆಂತ್ವಾನ್ ಕಾವಲುಗಾರನ ಕೈಗೆ ಸಿಕ್ಕಿಬೀಳುತ್ತಾನೆ. ಕದಿಯುವಾಗ ಸಿಗದವನು ಹಿಂದಿರುಗಿಸುವಾಗ ಸಿಕ್ಕ. ಮಲತಂದೆ ಅವನನ್ನು ನೇರವಾಗಿ ಪೊಲೀಸ್ ಠಾಣೆಗೆ ಕರೆದೊಯ್ಯುತ್ತಾನೆ.

ಇಲ್ಲಿ ರೆನೆಯನ್ನೂ ಪ್ರಶ್ನಿಸಬೇಕು. ಕಳವಿನಲ್ಲಿ ಇಬ್ಬರೂ ಇದ್ದರು, ಶಿಕ್ಷೆ ಒಬ್ಬನಿಗಾಯಿತು. ದೊಡ್ಡ ಮನೆಯ ಹುಡುಗ ದೊಡ್ಡ ಮನೆಗೆ ಮರಳಿದ. ತ್ರುಫೋ ಇದನ್ನು ಒತ್ತಿ ಹೇಳುವುದಿಲ್ಲ, ಮುಚ್ಚಿಡುವುದೂ ಇಲ್ಲ. ರೆನೆ ಸಂತನಲ್ಲ. ಅವನೂ ಮನೆಯಲ್ಲಿ ದುಡ್ಡು ಕದಿಯುವ, ಮೇಷ್ಟ್ರಿಗೆ ಎದುರುತ್ತರ ಕೊಡುವ ಹುಡುಗ. ಗೆಳೆತನದ ಸಿನೆಮಾಗಳು ಸಾಮಾನ್ಯವಾಗಿ ಬೀಳುವ ಹಳ್ಳವೆಂದರೆ ತ್ಯಾಗ: ಗೆಳೆಯ ಗೆಳೆಯನಿಗಾಗಿ ಅಪರಾಧ ಹೊತ್ತುಕೊಳ್ಳುವುದು, ಪ್ರಾಣ ಕೊಡುವುದು. ಇಲ್ಲಿ ಅಂಥದ್ದೇನೂ ನಡೆಯುವುದಿಲ್ಲ. ತನ್ನಿಂದಾದಷ್ಟು ಮಾಡುತ್ತಾನೆ, ಆಗದ ಕಡೆ ಹೊರಗೆ ನಿಲ್ಲುತ್ತಾನೆ. ಹಾಗಾಗಿಯೇ ಅವನು ನಂಬಲರ್ಹ ಅನ್ನಿಸುತ್ತದೆ.

ಇಲ್ಲಿಂದ ಮುಂದೆ ಸಿನೆಮಾ ಕಾಗದ ಪತ್ರಗಳ ಲೋಕಕ್ಕೆ ಹೋಗುತ್ತದೆ. ಹೇಳಿಕೆ, ಸಹಿ, ಬೆರಳಚ್ಚು, ಫೋಟೊ. ಠಾಣೆಯ ಸಣ್ಣ ಪಂಜರ, ರಾತ್ರಿಯ ಪೊಲೀಸ್ ವ್ಯಾನು, ಅದರ ಸರಳುಗಳ ಹಿಂದೆ ಹೊಳೆಯುವ ಬೀದಿದೀಪಗಳು, ಕಣ್ಣೀರಿಳಿಯುವ ಮುಖ. ನ್ಯಾಯಾಧೀಶರು ತಾಯಿಯ ಜೊತೆ ಮಾತಾಡುತ್ತಾರೆ, ಅವಳು ಕೇಂದ್ರ ಸಮುದ್ರದ ಹತ್ತಿರ ಇದ್ದರೆ ಒಳ್ಳೆಯದಿತ್ತು ಎನ್ನುತ್ತಾಳೆ. ಈ ಎಲ್ಲ ಕೋಣೆಗಳಲ್ಲಿ ಹುಡುಗನ ಬಗ್ಗೆ ಮಾತಾಡುವ ಹಕ್ಕು ಇರುವುದು ಪಾಲಕರಿಗೆ. ಅವನನ್ನು ನಿಜವಾಗಿ ಬಲ್ಲವನ ಹೆಸರು ಯಾವ ಕಡತದಲ್ಲೂ ಬರುವುದಿಲ್ಲ. ರಕ್ತಸಂಬಂಧಕ್ಕೆ, ಮದುವೆಗೆ, ದತ್ತಕಕ್ಕೆ ದಾಖಲೆಯುಂಟು. ಗೆಳೆತನಕ್ಕೆ ಇಲ್ಲ.

ಕೇಂದ್ರದಲ್ಲಿ ಮನಃಶಾಸ್ತ್ರಜ್ಞೆಯೊಬ್ಬಳು ಆಂತ್ವಾನನನ್ನು ಮಾತಾಡಿಸುತ್ತಾಳೆ. ಅವಳ ದನಿ ಮಾತ್ರ ಕೇಳುತ್ತದೆ, ಮುಖ ಕಾಣುವುದಿಲ್ಲ. ಪಾತ್ರ ಮಾಡಿದ ಝಾನ್-ಪಿಯೆರ್ ಲೆಯೋಗೆ ಆಗ 14 ವರ್ಷ. ಪತ್ರಿಕೆಯ ಜಾಹೀರಾತು ನೋಡಿ ಬಂದ ನೂರಾರು ಹುಡುಗರಲ್ಲಿ ಆಯ್ಕೆಯಾದವನು. ಈ ದೃಶ್ಯದ ಉತ್ತರಗಳಲ್ಲಿ ಬಹುಪಾಲು ಅವನೇ ಆಗಲೇ ಹೊಳೆಸಿಕೊಂಡು ಹೇಳಿದವು. ಯಾವಾಗಲೂ ಸುಳ್ಳು ಹೇಳುತ್ತೀಯಂತೆ ಎಂಬ ಪ್ರಶ್ನೆಗೆ ಅವನು ಕೊಡುವ ಉತ್ತರದ ತಾತ್ಪರ್ಯ ಇಷ್ಟು: ಆಗಾಗ ಹೇಳುತ್ತೇನೆ, ನಿಜ ಹೇಳಿದರೂ ನಂಬುವುದಿಲ್ಲವಲ್ಲ, ಅದಕ್ಕೇ ಸುಳ್ಳೇ ವಾಸಿ. ತಾನು ಹುಟ್ಟುವುದೇ ತಾಯಿಗೆ ಬೇಡವಾಗಿತ್ತು, ಅಜ್ಜಿಯ ಹಟದಿಂದ ಹುಟ್ಟಿದೆ ಎಂಬುದನ್ನೂ ಹೇಳುತ್ತಾನೆ. ಅದೇ ಅಜ್ಜಿಯಿಂದ ದುಡ್ಡು ಕದ್ದದ್ದನ್ನೂ ಹೇಳುತ್ತಾನೆ. ಪ್ರಶ್ನೆ ಕೇಳುವವಳನ್ನು ತೋರಿಸದೆ ಇರುವುದರಿಂದ ಅವನು ಈ ಮಾತುಗಳನ್ನೆಲ್ಲ ನಮಗೇ ಹೇಳುತ್ತಿದ್ದಾನೆ ಅನ್ನಿಸುತ್ತದೆ. ಇಡೀ ಚಿತ್ರದಲ್ಲಿ ಅವನು ಅಡೆತಡೆಯಿಲ್ಲದೆ ಇಷ್ಟು ನಿಜ ಹೇಳುವುದು ಇಲ್ಲಿ ಮಾತ್ರ.

ಆಮೇಲೆ ಸೈಕಲ್ ದೃಶ್ಯ. ಭೇಟಿಯ ದಿನ ರೆನೆ ಅಷ್ಟು ದೂರ ಸೈಕಲ್ ತುಳಿದು ಬಂದಿದ್ದಾನೆ. ಕಾವಲಿನವನು ಒಳಗೆ ಬಿಡುವುದಿಲ್ಲ. ಗಾಜಿನ ಆಚೆ ಈಚೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ, ಮಾತು ಕೇಳಿಸುವುದಿಲ್ಲ. ತಾಯಿಗೆ ಮಾತ್ರ ಪ್ರವೇಶವಿದೆ. ಅವಳು ಒಳಗೆ ಬಂದು, ಇನ್ನು ಮನೆಗೆ ಬರುವ ಆಸೆ ಬಿಡು ಎಂಬ ಸುದ್ದಿ ಕೊಟ್ಟು ಹೋಗುತ್ತಾಳೆ. ಕೈಬಿಡಲು ಬಂದವಳಿಗೆ ಬಾಗಿಲು ತೆರೆಯಿತು, ಕಾಣಲು ಬಂದವನಿಗೆ ತೆರೆಯಲಿಲ್ಲ. ದೃಶ್ಯ ಬಹಳ ಚಿಕ್ಕದು. ರೆನೆ ಸೈಕಲ್ ಹತ್ತಿ ಹೋಗುತ್ತಾನೆ, ಮತ್ತೆ ಈ ಸಿನೆಮಾದಲ್ಲಿ ಕಾಣುವುದಿಲ್ಲ.

ನಮ್ಮ ಹುಡುಗನ ಪ್ರಶ್ನೆಗೆ ಸಿನೆಮಾದ ಹೊರಗೆ ಒಂದು ಉತ್ತರವಿದೆ. ಆಂತ್ವಾನನ ಕಥೆ ಬಹುಮಟ್ಟಿಗೆ ತ್ರುಫೋನದೇ. 1948ರಲ್ಲಿ ಮಲತಂದೆಯೇ ಪೊಲೀಸರಿಗೆ ಒಪ್ಪಿಸಿ ಅವನು ಬಾಲಾಪರಾಧಿಗಳ ಕೇಂದ್ರ ಸೇರಿದ್ದ. ಅವನನ್ನು ಬಿಡಿಸಲು ನೆರವಾದ ಸಿನೆಮಾ ವಿಮರ್ಶಕ ಆಂದ್ರೆ ಬಾಝಾನ್, ಈ ಚಿತ್ರದ ಶೂಟಿಂಗ್ ಶುರುವಾಗುವ ಹೊತ್ತಿಗೆ, 1958ರ ನವೆಂಬರಿನಲ್ಲಿ ತೀರಿಕೊಂಡ. ಚಿತ್ರ ಅವನಿಗೆ ಅರ್ಪಿತ. ರೆನೆಯ ಹಿಂದಿರುವವನು ರೊಬೇರ್ ಲಾಶ್ನೆ, ತ್ರುಫೋನ ಶಾಲೆಯ ಗೆಳೆಯ. ಇಬ್ಬರೂ ಸೇರಿ ಶಾಲೆ ತಪ್ಪಿಸಿ ಸಿನೆಮಾ ನೋಡಿದವರು, ಹದಿಹರೆಯದಲ್ಲೇ ಫಿಲ್ಮ್ ಕ್ಲಬ್ ನಡೆಸಲು ಹೋಗಿ ಸಾಲಕ್ಕೆ ಸಿಕ್ಕವರು. ಮುಂದೆ ವಿಮರ್ಶಕನಾದಾಗ ತ್ರುಫೋ ಕೆಲವು ಲೇಖನಗಳಿಗೆ ಬಳಸಿದ ಗುಪ್ತನಾಮ ‘ರೊಬೇರ್ ಲಾಶ್ನೆ’! ಸಿನೆಮಾದಲ್ಲಿ ಇದಕ್ಕೆ ಸರಿದೊರೆಯಾದ ಒಂದು ಗಳಿಗೆಯಿದೆ. ರೆನೆ ಕೊಟ್ಟ ಹಳೆಯ ರಜಾಚೀಟಿಯನ್ನು ನೋಡಿ ಬರೆಯುವ ಆಂತ್ವಾನ್, ತನ್ನ ಹೆಸರಿರಬೇಕಾದ ಕಡೆ ರೆನೆ ಎಂದೇ ಬರೆದುಬಿಡುತ್ತಾನೆ. ಗೆಳೆಯನ ಹೆಸರಿನ ಮರೆಯಲ್ಲಿ ನಿಲ್ಲುವುದು ತ್ರುಫೋಗೆ ಹೊಸತಾಗಿರಲಿಲ್ಲ.

ಇದನ್ನು ನೋಡುವಾಗ ನಮ್ಮಲ್ಲಿ ಹಲವರಿಗೆ ಸ್ವಾಮಿಯ ನೆನಪಾಗುತ್ತದೆ. ಆರ್.ಕೆ. ನಾರಾಯಣರ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಬಂದದ್ದು 1935ರಲ್ಲಿ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಮೂಲಕ ಅವನು ನಮ್ಮ ಮನೆಮನೆಯ ಹುಡುಗನೂ ಆದ. ಸ್ವಾಮಿಯೂ ಶಾಲೆಯಿಂದ ಓಡುತ್ತಾನೆ, ಊರು ಬಿಟ್ಟೂ ಓಡುತ್ತಾನೆ. ಆದರೆ ಅವನು ಸಿಕ್ಕಾಗ ಮನೆ ತಬ್ಬಿಕೊಳ್ಳುತ್ತದೆ. ಅವನು ಕಳೆದುಕೊಳ್ಳುವುದು ಗೆಳೆಯನನ್ನು: ಪಂದ್ಯಕ್ಕೆ ಬರಲಿಲ್ಲವೆಂದು ಮುನಿದ ರಾಜಂ ರೈಲು ಹತ್ತಿ ಹೋಗುತ್ತಾನೆ, ಕ್ಷಮಿಸಿದನೋ ಇಲ್ಲವೋ ಖಚಿತವಿಲ್ಲ. ತ್ರುಫೋನಲ್ಲಿ ಇದು ತಿರುವುಮುರುವು. ಗೆಳೆಯ ಬಾಗಿಲವರೆಗೂ ಬರುತ್ತಾನೆ, ಮನೆ ಕೈಬಿಡುತ್ತದೆ. ಅಜ್ಜಿಯ ಮಡಿಲು ಇರುವ ಕಡೆ ಪುಂಡಾಟ ಲೀಲೆಯಾಗುತ್ತದೆ, ಇಲ್ಲದ ಕಡೆ ಅದೇ ಪುಂಡಾಟ ಪೊಲೀಸ್ ಕಡತವಾಗುತ್ತದೆ ಎಂದು ಈ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ತಿಳಿಯುತ್ತದೆ.

ಚಿತ್ರದ ಬಗ್ಗೆ ನನ್ನದೊಂದು ತಕರಾರು ಇದೆ. ಆಂತ್ವಾನನ ಪರ ಇಷ್ಟು ಕಾಳಜಿಯಿಂದ ಸಾಕ್ಷಿ ಹುಡುಕುವ ಸಿನೆಮಾ, ತಾಯಿಯ ವಿಷಯದಲ್ಲಿ ಅಷ್ಟು ಉದಾರವಾಗಿಲ್ಲ. ಮದುವೆಗೆ ಮೊದಲೇ ಬಸಿರಾಗಿ, ಬೇಡದ ಮಗುವನ್ನು ಹೆತ್ತು, ಇಕ್ಕಟ್ಟಿನ ಮನೆಯಲ್ಲಿ ದುಡಿದು ಬದುಕುವ ಆ ಹೆಂಗಸಿಗೂ ಒಂದು ಕಥೆಯಿದೆ. ಅವಳ ಪಕ್ಕದಲ್ಲಿ ಕೂತು ಎಲ್ಲವನ್ನೂ ಕಂಡ ಗೆಳತಿ ಯಾರೂ ಇಲ್ಲ. ಮಗನಿಗೆ ಸಾಕ್ಷಿ ನುಡಿಯುವ ಕ್ಯಾಮೆರಾ ಅವಳನ್ನು ಹೆಚ್ಚಾಗಿ ಮಗನ ಕಣ್ಣಿನಿಂದಲೇ ಅಳೆಯುತ್ತದೆ. ಹುಡುಗರ ಬೆಳೆಯುವಿಕೆಯ ಎಷ್ಟೋ ಕಥೆಗಳಿಗೆ, ನಮ್ಮವಕ್ಕೂ ಸೇರಿ, ಈ ಕುರುಡುಮೂಲೆ ಇದೆ.

ಇಷ್ಟರ ಮೇಲೆ ಕೊನೆಯ ಫ್ರೇಮಿಗೆ ಮರಳುತ್ತೇನೆ. ಫುಟ್‌ಬಾಲ್ ಆಟದ ನಡುವೆ ಬೇಲಿಯ ಅಡಿಯಲ್ಲಿ ನುಸುಳಿ ಆಂತ್ವಾನ್ ಓಡುತ್ತಾನೆ. ಕ್ಯಾಮೆರಾ ಅವನ ಪಕ್ಕದಲ್ಲೇ, ಅವನದೇ ವೇಗದಲ್ಲಿ ಬಹಳ ಹೊತ್ತು ಸಾಗುತ್ತದೆ. ಚಿತ್ರದ ಮೊದಲ ಭಾಗದಲ್ಲಿ ಅವನ ಪಕ್ಕದಲ್ಲಿ ಹೀಗೆ ಬೀದಿ ಬೀದಿ ಓಡುತ್ತಿದ್ದವನು ರೆನೆ. ಈಗ ಆ ಜಾಗದಲ್ಲಿ ಯಾರೂ ಇಲ್ಲ, ಕ್ಯಾಮೆರಾ ಮಾತ್ರ ಇದೆ. ಗಾಜಿನಾಚೆ ತಡೆದು ನಿಲ್ಲಿಸಿದ ಗೆಳೆಯನ ಜಾಗವನ್ನು ಅದು ತುಂಬುತ್ತಿದೆ ಎಂದು ನನಗನ್ನಿಸುತ್ತದೆ. ಸಮುದ್ರ ಮುಟ್ಟಿದ ಹುಡುಗ ತಿರುಗಿ ನೋಡುವುದು ಆ ಜಾಗದ ಕಡೆಗೆ. ಬಿಡುಗಡೆಯೋ ದಿಗ್ಭ್ರಮೆಯೋ ಎಂದು ನಾವು ವಾದ ಮಾಡಿದ ಆ ನೋಟವನ್ನು ನಾನು ಮೊದಲೂ ಒಮ್ಮೆ ಕಂಡಿದ್ದೇನೆ, ಪರೀಕ್ಷೆಯ ಕೋಣೆಯಲ್ಲಿ. ನೀನು ಪಕ್ಕದಲ್ಲೇ ಇದ್ದೆಯಲ್ಲ, ನೋಡಿದೆಯಲ್ಲ ಎಂದು ಕೇಳುವ ನೋಟ ಅದು.

ಆ ವಿದ್ಯಾರ್ಥಿಗೆ ಆಮೇಲೆ ಇಷ್ಟನ್ನು ಹೇಳಿದೆ: 1962ರ ‘ಆಂತ್ವಾನ್ ಮತ್ತು ಕೋಲೆತ್’ ಎಂಬ ಕಿರುಚಿತ್ರದಲ್ಲಿ ರೆನೆ ಮತ್ತೆ ಬರುತ್ತಾನೆ, ಅದೇ ನಟ ಪ್ಯಾಟ್ರಿಕ್ ಓಫೆ. ಇಬ್ಬರೂ ಬೆಳೆದಿದ್ದಾರೆ, ಆಗಲೂ ಗೆಳೆಯರೇ, ಸಿಗಾರ್ ಸೇದಿದ ದಿನವನ್ನು ನೆನೆಯುತ್ತಾರೆ. ಅದರ ನಂತರದ ಮೂರು ದ್ವಾನೆಲ್ ಚಿತ್ರಗಳ ಕಥೆಯಲ್ಲಿ ರೆನೆಗೆ ಜಾಗವಿಲ್ಲ. ಅವನು “ಹಂಗಾದ್ರೆ ಸಿಕ್ಕಿದ್ನಲ್ಲ ಸರ್, ಸಾಕು” ಅಂದ. ನನ್ನ ಆ ಬೆಂಚಿನ ಗೆಳೆಯ ಈಗ ಎಲ್ಲಿದ್ದಾನೆ ಎಂದು ಹುಡುಕಬೇಕು.